ಕರಿಯ ಕೋಟು ತೊಡುವ ಮುನ್ನ

ಬೇಸಗೆಯ ರಜೆಗೆ ನ್ಯಾಯಾಲಯಗಳು ಮುಚ್ಚಿದ್ದು, ವರ್ಷವಿಡೀ ಕಪಾಟಿನಲ್ಲಿ ಅಡಕಿಕೊಂಡಿದ್ದ ಕೇಸಿನ ಕಟ್ಟುಗಳನ್ನು ಹೊರತೆಗೆದು ದೂಳು ಕೊಡವಿ ಮರಳಿ ಜೋಡಿಸುವ ಕೆಲಸದಲ್ಲಿ ನಾನೂ ನನ್ನ ಗುಮಾಸ್ತರೂ ತೊಡಗಿದ್ದ ಒಂದು ಬೆಳಗ್ಗೆ, ಅರಸೀಕೆರೆಯ ಕಡೆಯ ನಮ್ಮ ಹಳೆಯ ಕಕ್ಷಿದಾರರೊಬ್ಬರು ಮಗಳನ್ನು ಕರೆದುಕೊಂಡು ಕಚೇರಿಗೆ ಬಂದರು. ಹುಡುಗಿ ಪ್ರಥಮ ಪಿ.ಯು. ಮುಗಿಸಿದ್ದಳು, ವಕೀಲಳಾಗಬೇಕೆಂಬ ಹಂಬಲ ಅವಳದು, ಹತ್ತನೆಯ ತರಗತಿಯವರೆಗೆ ಅವಳು ಕಲಿತುದು ಊರಿನ ಕನ್ನಡ ಶಾಲೆಯಲ್ಲಿ. ತಂದೆಯವರ ಕೈಯಲ್ಲಿ ತರಬೇತಿ ಸಂಸ್ಥೆಯೊಂದರ ಬಣ್ಣಬಣ್ಣದ ಕರಪತ್ರವಿದ್ದಿತು. "ಸ್ವಾಮಿ, ಕೊಬ್ಬರಿ ಮಾರಿದ ದುಡ್ಡು ಒಂದೂವರೆ ಲಕ್ಷ ತೆಗೆದಿಟ್ಟಿದೀನಿ. ಇದನ್ನ ಕಟ್ಟಿದರೆ ಸೀಟು ಗ್ಯಾರಂಟಿ ಅಂತಾರೆ. ಕಟ್ಟಲೋ ಬೇಡವೋ ನೀವೇ ಹೇಳಬೇಕು" ಎಂದರು. ಆ ಪ್ರಶ್ನೆಗೆ ಒಂದು ಮಾತಿನಲ್ಲಿ ಉತ್ತರ ಹೇಳುವುದು ಸಾಧ್ಯವಾಗಲಿಲ್ಲ. ಅಂದು ಅವರಿಗೆ ಒಂದು ಮಧ್ಯಾಹ್ನವಿಡೀ ಹೇಳಿದುದನ್ನೇ, ಅಂಥದೇ ಸಂದಿಗ್ಧದಲ್ಲಿರುವ ಇತರ ತಂದೆತಾಯಿಗಳಿಗೂ ವಿದ್ಯಾರ್ಥಿಗಳಿಗೂ ಉಪಯೋಗವಾಗಲೆಂದು ಇಲ್ಲಿ ತುಸು ವಿಸ್ತರಿಸಿ ಬರೆಯುತ್ತಿದ್ದೇನೆ.

ಮೊದಲು ತಿಳಿಯತಕ್ಕುದೇನೆಂದರೆ, ನಮ್ಮ ರಾಜ್ಯದಲ್ಲಿ ಕಾನೂನು ವ್ಯಾಸಂಗಕ್ಕೆ ಪ್ರವೇಶಿಸಲು ಮುಖ್ಯವಾಗಿ ಎರಡು ಬಾಗಿಲುಗಳುಂಟು. ಕರಪತ್ರಗಳಲ್ಲಿ ಅಚ್ಚಾಗುವುದು ಅವುಗಳಲ್ಲಿ ಒಂದು ಮಾತ್ರ. ಕ್ಲ್ಯಾಟ್ ಎಂಬ ಅಖಿಲ ಭಾರತ ಪ್ರವೇಶ ಪರೀಕ್ಷೆ ಆ ಒಂದು ಬಾಗಿಲು. ಮತ್ತೊಂದು, ಹುಬ್ಬಳ್ಳಿಯಲ್ಲಿ 2009ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಸಂಯೋಜನೆಗೆ ಒಳಪಟ್ಟು ಜಿಲ್ಲೆಜಿಲ್ಲೆಗಳಲ್ಲಿರುವ ಕಾಲೇಜುಗಳದು. ಇವುಗಳಿಗೆ ಪ್ರವೇಶ ಪರೀಕ್ಷೆಯ ಅಗತ್ಯವಿಲ್ಲ, ಪಿ.ಯು. ಪರೀಕ್ಷೆಯಲ್ಲಿ ಸಾಮಾನ್ಯ ವರ್ಗದವರು ಶೇಕಡ 45 ಅಂಕಗಳನ್ನು ಪಡೆದಿದ್ದರೆ ಐದು ವರ್ಷದ ಪದವಿಗೂ, ಯಾವುದಾದರೊಂದು ಪದವಿಯಲ್ಲಿ ಅಷ್ಟೇ ಅಂಕಗಳಿದ್ದರೆ ಮೂರು ವರ್ಷದ ಎಲ್‌ಎಲ್.ಬಿ.ಗೂ ಅರ್ಹರಾಗುತ್ತಾರೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಶೇಕಡ 40 ಸಾಕು. ಯಾವ ಬಾಗಿಲಿನಿಂದ ಒಳಹೊಕ್ಕರೂ ಕೊನೆಗೆ ಸನ್ನದು ಕೊಡುವ ವಕೀಲರ ಪರಿಷತ್ತು ಒಂದೇ. ತೊಡುವ ಕೋಟೂ ಒಂದೇ. ಈ ಸಂಗತಿಯನ್ನು ಹೇಳಿದಾಗ ಆ ತಂದೆಯವರ ಮುಖದಲ್ಲಿ ಮೂಡಿದ ಸಮಾಧಾನವನ್ನು ನೋಡಿ, ಇಷ್ಟು ಸರಳವಾದ ಮಾತನ್ನು ಅವರಿಗೆ ಈವರೆಗೆ ಯಾರೂ ಹೇಳಿರಲಿಲ್ಲವಲ್ಲ ಎಂದು ನನಗೆ ನೋವಾಯಿತು.

ಕ್ಲ್ಯಾಟ್ ಪರೀಕ್ಷೆಯ ಮೂಲ ನಮ್ಮ ಬೆಂಗಳೂರಿನೊಡನೆಯೇ ಹೆಣೆದುಕೊಂಡಿದೆ. ಪ್ರೊಫೆಸರ್ ಎನ್.ಆರ್. ಮಾಧವ ಮೆನನ್ ಅವರ ನೇತೃತ್ವದಲ್ಲಿ ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲು 1988ರಲ್ಲಿ ಐದು ವರ್ಷದ ಸಮಗ್ರ ಪದವಿಯ ತರಗತಿಗಳನ್ನು ಆರಂಭಿಸಿದ ತರುವಾಯ, ಅದನ್ನೇ ಮಾದರಿಯಾಗಿಟ್ಟುಕೊಂಡು ಒಂದೊಂದೇ ರಾಜ್ಯದಲ್ಲಿ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳು ಹುಟ್ಟಿಕೊಂಡವು; ಪ್ರತಿಯೊಂದೂ ತನ್ನದೇ ಪರೀಕ್ಷೆಯನ್ನು ನಡೆಸುತ್ತಿದ್ದುದರಿಂದ ವಿದ್ಯಾರ್ಥಿಗಳು ಊರೂರು ಅಲೆಯಬೇಕಾಗಿತ್ತು. ಈ ಕಷ್ಟವನ್ನು ಮುಂದಿಟ್ಟು 2006ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯೊಂದು ಬಂದ ಫಲವಾಗಿ 2008ರಲ್ಲಿ ಏಳು ವಿಶ್ವವಿದ್ಯಾಲಯಗಳು ಸೇರಿ ಮೊದಲ ಸಾಮಾನ್ಯ ಪರೀಕ್ಷೆಯನ್ನು ನಡೆಸಿದವು. ಇಂದು ಇಪ್ಪತ್ತಕ್ಕೂ ಮಿಕ್ಕಿದ ವಿಶ್ವವಿದ್ಯಾಲಯಗಳು ಇದರೊಳಗಿವೆ. 2017ರಲ್ಲಿ ರಚಿತವಾದ ಒಕ್ಕೂಟವೊಂದು ಪರೀಕ್ಷೆಯ ಹೊಣೆಯನ್ನು ಹೊತ್ತಿದ್ದು, ಅದರ ಕಾರ್ಯಾಲಯವೂ ಬೆಂಗಳೂರಿನಲ್ಲಿಯೇ ಇದೆ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ಮಾತ್ರ ಐಲೆಟ್ ಎಂಬ ತನ್ನ ಪ್ರತ್ಯೇಕ ಪರೀಕ್ಷೆಯನ್ನು ಇಟ್ಟುಕೊಂಡಿದೆ.

ಈಚಿನ ವರ್ಷಗಳಲ್ಲಿ ಕ್ಲ್ಯಾಟ್ ಡಿಸೆಂಬರಿನ ಮೊದಲ ಭಾನುವಾರ ನಡೆಯುತ್ತಿದೆ. ಅರ್ಜಿ ಹಾಕುವ ಕಾಲ ಮಳೆಗಾಲದ ನಡುವೆ ತೊಡಗಿ ದೀಪಾವಳಿಯ ಹೊತ್ತಿಗೆ ಮುಗಿಯುವುದರಿಂದ, ದ್ವಿತೀಯ ಪಿ.ಯು. ಪರೀಕ್ಷೆ ಮುಗಿದ ಮೇಲೆ ನೋಡೋಣವೆಂದು ಕುಳಿತವರಿಗೆ ಒಂದು ವರ್ಷವೇ ಕೈತಪ್ಪುತ್ತದೆ. ಅರ್ಜಿಯ ಶುಲ್ಕ ಸಾಮಾನ್ಯ ವರ್ಗದವರಿಗೆ 4,000 ರೂಪಾಯಿ, ಪರಿಶಿಷ್ಟರಿಗೂ ಬಡತನದ ರೇಖೆಗಿಂತ ಕೆಳಗಿರುವವರಿಗೂ 3,500. ವಯಸ್ಸಿನ ಮೇಲ್ಮಿತಿ ಇಲ್ಲ. ಪ್ರಶ್ನೆಗಳು 120, ಕಾಲ ಎರಡು ಗಂಟೆ. ಸರಿಯುತ್ತರಕ್ಕೆ ಒಂದು ಅಂಕ, ತಪ್ಪಿಗೆ ಕಾಲು ಅಂಕದ ಕಡಿತ. ಸ್ಥೂಲವಾಗಿ ಹೇಳುವುದಾದರೆ ಕಾಲುಭಾಗ ಪ್ರಚಲಿತ ವಿದ್ಯಮಾನ, ಕಾಲುಭಾಗ ಕಾನೂನಿನ ವಿವೇಚನೆ, ಐದನೆಯ ಒಂದೊಂದು ಪಾಲು ಇಂಗ್ಲಿಷಿಗೂ ತರ್ಕಕ್ಕೂ, ಉಳಿದ ಹತ್ತನೆಯ ಒಂದು ಪಾಲು ಹತ್ತನೆಯ ತರಗತಿಯ ಮಟ್ಟದ ಅಂಕಗಣಿತಕ್ಕೆ. ಪ್ರಶ್ನೆಗಳೆಲ್ಲವೂ ಸುಮಾರು 450 ಪದಗಳ ಗದ್ಯಭಾಗಗಳ ಕೆಳಗೆ ಗುಂಪುಗುಂಪಾಗಿ ಬರುತ್ತವೆ. ಆದುದರಿಂದ ಇದನ್ನು ಕಾನೂನಿನ ಪರೀಕ್ಷೆ ಎನ್ನುವುದಕ್ಕಿಂತ ಓದಿನ ಪರೀಕ್ಷೆ ಎನ್ನುವುದೇ ಸರಿ: ಅಪರಿಚಿತವಾದ ಬರಹವನ್ನು ವೇಗವಾಗಿ ಓದಿ, ಬರೆದವನ ಅಭಿಪ್ರಾಯವಾವುದು, ಅವನು ಹೇಳದೆಯೇ ಒಪ್ಪಿಕೊಂಡಿರುವುದಾವುದು ಎಂಬುದನ್ನು ಬಿಡಿಸಿ ನೋಡುವ ಶಕ್ತಿ ಯಾರಿಗಿದೆಯೋ ಅವರಿಗೆ ಇದು ಒಲಿಯುತ್ತದೆ.

ಕಾನೂನಿನ ವಿವೇಚನೆಯೆಂದರೇನೆಂಬುದನ್ನು ಆ ಹುಡುಗಿಗೆ ಒಂದು ದೃಷ್ಟಾಂತದಿಂದ ತೋರಿಸಿದೆ. ಗದ್ಯಭಾಗದಲ್ಲಿ ಒಂದು ನಿಯಮವನ್ನು ಕೊಟ್ಟಿದ್ದಾರೆನ್ನಿ: ತನ್ನ ಜಮೀನಿಗೆ ಅನುಮತಿ ಪಡೆದು ಬಂದವರ ಕ್ಷೇಮಕ್ಕೆ ಮಾತ್ರ ಒಡೆಯನು ಹೊಣೆ, ಆದರೆ ಜನರು ನಿತ್ಯವೂ ಬರುವುದನ್ನು ಅರಿತೂ ತಡೆಯದಿದ್ದರೆ ಅದೇ ಅನುಮತಿಯೆನಿಸುತ್ತದೆ. ಇನ್ನು ಪ್ರಶ್ನೆ: ತೋಟದ ಪಾಳುಬಾವಿಯ ಪಕ್ಕದ ಹಾದಿಯಲ್ಲಿ ಊರ ಮಕ್ಕಳು ದಿನವೂ ಶಾಲೆಗೆ ಹೋಗುತ್ತಿದ್ದರು, ಒಡೆಯನು ಅದನ್ನು ಕಂಡೂ ಸುಮ್ಮನಿದ್ದನು. ಒಂದು ರಾತ್ರಿ ತೆಂಗಿನಕಾಯಿ ಕದಿಯಲು ಮೊದಲ ಬಾರಿಗೆ ಬಂದ ಪರಸ್ಥಳದವನೊಬ್ಬನು ಆ ಬಾವಿಗೆ ಬಿದ್ದು ಕಾಲು ಮುರಿದುಕೊಂಡನು, ಒಡೆಯನು ಹೊಣೆಯೆ? ಹುಡುಗಿ ತಡಮಾಡದೆ, "ಬಾವಿಗೆ ಕಟ್ಟೆ ಕಟ್ಟದೇ ಇದ್ದದ್ದು ತಪ್ಪಲ್ವಾ ಸರ್, ಹೊಣೆನೇ" ಎಂದಳು. ಅವಳ ಅಂತಃಕರಣ ದೊಡ್ಡದು. ಆದರೆ ಕೊಟ್ಟ ನಿಯಮದಂತೆ ಹೊರಡುವ ಉತ್ತರ ಅದಲ್ಲ. ಮಕ್ಕಳಿಗೆ ದೊರೆತ ಮೌನಾನುಮತಿ ಅವರ ವಾಡಿಕೆಯಿಂದ ಹುಟ್ಟಿದುದು. ಹೊಸಬನಾದ ಕಳ್ಳನಿಗೆ ಆ ವಾಡಿಕೆಯಿಲ್ಲವಾದುದರಿಂದ ಅನುಮತಿಯೂ ಇಲ್ಲ. ಹೊರಗಿನ ಕಾನೂನು ಏನೇ ಹೇಳಲಿ, ತನ್ನ ಮನಸ್ಸಿಗೆ ಯಾವುದೇ ನ್ಯಾಯವೆಂದು ತೋರಲಿ, ಗದ್ಯಭಾಗದಲ್ಲಿ ಕೊಟ್ಟ ನಿಯಮವೊಂದನ್ನೇ ಹಿಡಿದು ನಡೆಯುವ ಸಂಯಮ ಇಲ್ಲಿ ಬೇಕು. ಇದನ್ನು ಕಲಿಯಲು ಒಂದೂವರೆ ಲಕ್ಷ ಬೇಕಿಲ್ಲವೆಂಬುದನ್ನು ಆ ದಿನವೇ ಕಂಡೆವು. ಅಂಥ ಮತ್ತೆ ಆರು ಪ್ರಶ್ನೆಗಳನ್ನು ಕೊಟ್ಟಾಗ ಐದಕ್ಕೆ ಅವಳು ಸರಿಯಾಗಿ ಉತ್ತರಿಸಿದಳು.

ಆ ಬಳಿಕ ಹಳೆಯ ಪ್ರಶ್ನಪತ್ರಿಕೆಯೊಂದನ್ನು ಕೈಗಿತ್ತು, ಒಳಕೋಣೆಯಲ್ಲಿ ಗಡಿಯಾರದ ಎದುರಿಗೆ ಎರಡು ಗಂಟೆ ಕಾಲ ಕುಳ್ಳಿರಿಸಿದೆವು. 68 ಪ್ರಶ್ನೆಗಳಿಗೆ ಉತ್ತರಿಸಿದ್ದಳು; 44 ಸರಿ, 24 ತಪ್ಪು; ಕಡಿತವನ್ನು ಕಳೆದರೆ 38 ಅಂಕ. ತಂದೆಯವರು ಖಿನ್ನರಾದರು. ನಾನು ಆಗಲಿಲ್ಲ, ಏಕೆಂದರೆ ಅವಳಿಗೆ ಕೊರತೆಯಾದುದು ಬುದ್ಧಿಯಲ್ಲ, ಇಂಗ್ಲಿಷನ್ನು ಓದುವ ವೇಗವೆಂಬುದು ಖಾಲಿ ಉಳಿದ 52 ಪ್ರಶ್ನೆಗಳಿಂದಲೇ ಸ್ಪಷ್ಟವಾಗಿತ್ತು. ಈ ವೇಗವಾದರೋ ನಿತ್ಯದ ಅಭ್ಯಾಸದಿಂದ ಬರತಕ್ಕದ್ದೇ ಹೊರತು ವಾರಕ್ಕೆರಡು ದಿನದ ಉಪನ್ಯಾಸದಿಂದ ಬರತಕ್ಕದ್ದಲ್ಲ. ಅವಳಿಗೆ ಹೇಳಿಕೊಟ್ಟ ಕ್ರಮವಿದು: ದಿನವೂ ಇಂಗ್ಲಿಷ್ ಪತ್ರಿಕೆಯ ಒಂದು ಸಂಪಾದಕೀಯವನ್ನು ಗಡಿಯಾರವಿಟ್ಟು ಓದುವುದು, ಪತ್ರಿಕೆಯನ್ನು ಮಡಿಸಿಟ್ಟು, ಅದರ ಸಾರವನ್ನು ಮೂರು ಕನ್ನಡ ವಾಕ್ಯಗಳಲ್ಲಿ ಬರೆಯುವುದು, ಬರೆಯಲಾಗದಿದ್ದರೆ ಅರ್ಥವಾಗಲಿಲ್ಲವೆಂದೇ ತಿಳಿದು ಮತ್ತೊಮ್ಮೆ ಓದುವುದು. ಇಂಗ್ಲಿಷಿನ ಸಾರವನ್ನು ಇಂಗ್ಲಿಷಿನಲ್ಲಿಯೇ ಬರೆದರೆ ಅಲ್ಲಿನ ಪದಗಳನ್ನೇ ಎತ್ತಿಟ್ಟು ಅರ್ಥವಾದಂತೆ ನಟಿಸಬಹುದು. ಕನ್ನಡದಲ್ಲಿ ಬರೆಯುವಾಗ ಆ ಆತ್ಮವಂಚನೆಗೆ ಎಡೆಯಿಲ್ಲ. ಊಹೆಯ ವಿಚಾರದಲ್ಲಿಯೂ ಒಂದು ಮಾತು: ನಾಲ್ಕು ಆಯ್ಕೆಗಳಲ್ಲಿ ಒಂದನ್ನಾದರೂ ಖಂಡಿತವಾಗಿ ತಳ್ಳಿಹಾಕಬಲ್ಲವರು ಕಾಲು ಅಂಕದ ಭಯದಿಂದ ಪ್ರಶ್ನೆಯನ್ನು ಬಿಡಬೇಕಾದುದಿಲ್ಲ, ಲೆಕ್ಕ ಹಾಕಿದರೆ ಲಾಭ ಉತ್ತರಿಸುವವರ ಕಡೆಗೇ ಇದೆ.

ಈಗ ವೆಚ್ಚದ ವಿಚಾರ. ತರಗತಿಯಲ್ಲಿ ಕುಳಿತು ಕಲಿಯುವ ಒಂದು ಅಥವಾ ಎರಡು ವರ್ಷದ ತರಬೇತಿಗೆ ಬೆಂಗಳೂರಿನಂಥ ನಗರಗಳಲ್ಲಿ ಸಾಮಾನ್ಯವಾಗಿ ಐವತ್ತು ಅರುವತ್ತು ಸಾವಿರದಿಂದ ಒಂದೂವರೆ ಎರಡು ಲಕ್ಷದವರೆಗೂ ಕೇಳುತ್ತಾರೆ. ಆನ್‌ಲೈನ್ ಪಾಠಗಳು ಅದರ ಮೂರನೆಯ ಒಂದು ಪಾಲಿಗೋ ಇನ್ನೂ ಕಡಿಮೆಗೋ ದೊರೆಯುತ್ತವೆ. ಬರಿಯ ಮಾದರಿ ಪರೀಕ್ಷೆಗಳ ಸರಣಿ ಕೆಲವೇ ಸಾವಿರ. ಹೇಳಿದ ಶುಲ್ಕದ ಮೇಲೆ ಶೇಕಡ 18ರ ಜಿಎಸ್‌ಟಿ ಬೀಳುವುದನ್ನು ಮರೆಯಬಾರದು. ಹಳ್ಳಿಯ ವಿದ್ಯಾರ್ಥಿಗೆ ಪಿ.ಜಿ.ಯ ಬಾಡಿಗೆ, ಊಟ, ಬಸ್ಸು ಸೇರಿದರೆ ಆ ಹೊರೆ ಶುಲ್ಕಕ್ಕೆ ಸಮನಾಗಿ ಬೆಳೆಯುತ್ತದೆ. ನನ್ನ ನಿಲವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ: ಮನೆಯಲ್ಲಿ ಓದುವ ವಾತಾವರಣವಿಲ್ಲದ, ಶಿಸ್ತಿಗೆ ಹೊರಗಿನ ಆಸರೆ ಬೇಕಾದ ವಿದ್ಯಾರ್ಥಿಗೆ ತರಬೇತಿಯಿಂದ ಪ್ರಯೋಜನವುಂಟು, ಮಾದರಿ ಪರೀಕ್ಷೆಗಳಂತೂ ಎಲ್ಲರಿಗೂ ಅವಶ್ಯಕ, ಆದರೆ ಸಾಲ ಮಾಡಿ, ಒಡವೆ ಅಡವಿಟ್ಟು ಕಟ್ಟುವಷ್ಟು ಬೆಲೆ ಆ ತರಗತಿಗಳಿಗಿಲ್ಲ.

ಸೀಟು ಗ್ಯಾರಂಟಿಯೆಂಬ ಮಾತಿಗಂತೂ ಯಾವ ಬೆಲೆಯೂ ಇಲ್ಲ. ಕೇಂದ್ರ ಶಿಕ್ಷಣ ಇಲಾಖೆಯು 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯು ರ‍್ಯಾಂಕಿನ ಭರವಸೆ ಕೊಡುವುದನ್ನೂ ಹದಿನಾರು ತುಂಬದವರನ್ನು ಸೇರಿಸಿಕೊಳ್ಳುವುದನ್ನೂ ನಿಷೇಧಿಸಿ, ಪೂರ್ತಿ ಶುಲ್ಕ ಕಟ್ಟಿದವರು ನಡುವೆ ಬಿಟ್ಟರೆ ಉಳಿದ ಅವಧಿಯ ಹಣವನ್ನು ಹತ್ತು ದಿನಗಳಲ್ಲಿ ಹಿಂದಿರುಗಿಸಬೇಕೆಂದು ವಿಧಿಸಿದೆ. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವೂ ದಾರಿತಪ್ಪಿಸುವ ಜಾಹೀರಾತುಗಳ ವಿರುದ್ಧ ನಿಯಮಗಳನ್ನು ಪ್ರಕಟಿಸಿತು. ನನ್ನ ಸೋದರಳಿಯನು ಎರಡು ತಿಂಗಳ ಬಳಿಕ ಒಂದು ತರಬೇತಿಯನ್ನು ಬಿಡಬೇಕಾಗಿ ಬಂದಾಗ, ಹಣ ಮರಳುವುದಿಲ್ಲವೆಂದು ರಸೀತಿಯ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗಿದ್ದುದನ್ನು ತೋರಿಸಿ ಅವರು ಕೈತೊಳೆದುಕೊಳ್ಳಲು ನೋಡಿದರು. ಲಿಖಿತ ನೋಟೀಸು ಕೊಟ್ಟ ಮೇಲೆ ಬಹುಪಾಲು ಹಣ ಬಂದಿತು. ಆದುದರಿಂದ ಹಣವನ್ನು ಕಂತಿನಲ್ಲಿಯೇ ಕಟ್ಟಿರಿ, ರಸೀತಿಯನ್ನು ಕಡ್ಡಾಯವಾಗಿ ಪಡೆಯಿರಿ, ವಾಪಸಾತಿಯ ಷರತ್ತನ್ನು ಸಹಿಗೆ ಮುಂಚೆ ಓದಿರಿ. ಇನ್ನು ಹಣವಿಲ್ಲದ ಪ್ರತಿಭಾವಂತರಿಗೆ ಒಂದು ಆಸರೆಯೂ ಉಂಟು: ಪ್ರೊಫೆಸರ್ ಶಮ್ನಾದ್ ಬಷೀರ್ ಅವರು 2010ರಲ್ಲಿ ಆರಂಭಿಸಿದ ಇಡಿಯಾ ಎಂಬ ಸಂಸ್ಥೆಯು ಬಡ ಮತ್ತು ಅಂಚಿನ ಸಮುದಾಯಗಳ ವಿದ್ಯಾರ್ಥಿಗಳನ್ನು ಆಯ್ದು ಉಚಿತವಾಗಿ ಸಿದ್ಧಗೊಳಿಸುತ್ತದೆ. ಬಷೀರ್ ಅವರು 2019ರಲ್ಲಿ ತೀರಿಕೊಂಡರು, ಕೆಲಸ ನಿಂತಿಲ್ಲ.

ಸೀಟು ದೊರೆತವರ ವೆಚ್ಚ ಅಲ್ಲಿಗೆ ಮುಗಿಯುವುದಿಲ್ಲವಷ್ಟೆ. ರಾಷ್ಟ್ರೀಯ ವಿಶ್ವವಿದ್ಯಾಲಯಗಳಲ್ಲಿ ಶುಲ್ಕ, ವಸತಿ, ಊಟ ಸೇರಿ ವರ್ಷಕ್ಕೆ ಎರಡರಿಂದ ನಾಲ್ಕು ಲಕ್ಷ ಸಾಮಾನ್ಯ. ಶೈಕ್ಷಣಿಕ ಸಾಲವನ್ನು 7.5 ಲಕ್ಷದವರೆಗೆ ಸ್ವತ್ತಿನ ಆಧಾರವಿಲ್ಲದೆಯೇ ಪಡೆಯಬಹುದು; ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಕೇಂದ್ರದ ಉನ್ನತ ಶ್ರೇಣಿಯ ಶಿಕ್ಷಣ ಯೋಜನೆಯಲ್ಲಿ ಇಂಥ ವಿಶ್ವವಿದ್ಯಾಲಯಗಳೂ ಸೇರಿವೆ. ನಾಗರಭಾವಿಯ ಶಾಲೆಯಲ್ಲಿ, ಕರ್ನಾಟಕದ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಹತ್ತು ವರ್ಷಕ್ಕೆ ಕಡಿಮೆಯಿಲ್ಲದೆ ಓದಿದವರಿಗೆ ಶೇಕಡ 25ರ ಮೀಸಲಾತಿಯೂ ಇದೆ. ನಮ್ಮ ಮಕ್ಕಳು ಅರ್ಜಿ ತುಂಬುವಾಗ ಆ ಕಲಮನ್ನು ಖಾಲಿ ಬಿಡಬಾರದು. ಪರೀಕ್ಷೆಯು ಇಂಗ್ಲಿಷಿನಲ್ಲಿ ಮಾತ್ರ ನಡೆಯುವುದು ಅನ್ಯಾಯವೆಂದೇ ನನ್ನ ದೃಢವಾದ ಅಭಿಪ್ರಾಯ. ಮಹಾರಾಷ್ಟ್ರವು ತನ್ನ ರಾಜ್ಯದ ಕಾನೂನು ಪ್ರವೇಶ ಪರೀಕ್ಷೆಯನ್ನು ಮರಾಠಿಯಲ್ಲಿಯೂ ನಡೆಸುತ್ತಿರುವಾಗ ಇದು ಅಸಾಧ್ಯವೆಂದು ಹೇಳಲಾಗದು.

ಎರಡನೆಯ ಬಾಗಿಲಿನ ಮಾತಿಗೆ ಬರೋಣ. ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪ್ರಶ್ನಪತ್ರಿಕೆಯ ನೆತ್ತಿಯ ಮೇಲೆ, ಉತ್ತರಗಳನ್ನು ಸಂಪೂರ್ಣವಾಗಿ ಇಂಗ್ಲಿಷಿನಲ್ಲಿ ಅಥವಾ ಸಂಪೂರ್ಣವಾಗಿ ಕನ್ನಡದಲ್ಲಿ ಬರೆಯಬೇಕೆಂಬ ಸೂಚನೆಯಿರುತ್ತದೆ. ಆ ಒಂದು ಸಾಲು ಎಷ್ಟೋ ಹಳ್ಳಿಯ ಮಕ್ಕಳನ್ನು ವಕೀಲರನ್ನಾಗಿ ಮಾಡಿದೆ. ಸರಕಾರಿ ಮತ್ತು ಅನುದಾನಿತ ಕಾಲೇಜುಗಳ ವರ್ಷದ ಶುಲ್ಕ ರಾಷ್ಟ್ರೀಯ ವಿಶ್ವವಿದ್ಯಾಲಯದ ಒಂದು ತಿಂಗಳ ವೆಚ್ಚಕ್ಕೂ ಬಾರದು. ಇಲ್ಲಿನ ಕೊರತೆಯನ್ನು ಮರೆಮಾಚಬಾರದು: ಹಾಜರಿ ಸಡಿಲ, ಗ್ರಂಥಾಲಯ ಬಡವು, ಗೈಡುಗಳನ್ನು ಓದಿ ಉತ್ತೀರ್ಣರಾಗುವ ದುರಭ್ಯಾಸ ಬಲವಾದುದು. ಆದರೆ ಮೂಲ ಅಧಿನಿಯಮಗಳನ್ನೇ ತೆರೆದು ಓದಿ, ಸಂಜೆಯ ಹೊತ್ತು ಒಬ್ಬ ಒಳ್ಳೆಯ ವಕೀಲರ ಕಚೇರಿಯಲ್ಲಿ ಕುಳಿತ ವಿದ್ಯಾರ್ಥಿ ಇಂಥ ಕಾಲೇಜುಗಳಿಂದಲೇ ಹೊರಟು ಧಾರವಾಡದ, ಕಲಬುರಗಿಯ ಉಚ್ಚ ನ್ಯಾಯಾಲಯ ಪೀಠಗಳಲ್ಲಿ ಸಮರ್ಥವಾಗಿ ವಾದಿಸುತ್ತಿರುವುದನ್ನು ನಾನು ಬಲ್ಲೆನು.

ಪದವಿಯ ಬಳಿಕ ಏನು? ಮೊದಲು ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ. ಇದರ ಶುಲ್ಕ ಸಾಮಾನ್ಯರಿಗೆ 750, ಪರಿಶಿಷ್ಟರಿಗೆ 125 ರೂಪಾಯಿಯನ್ನು ಮೀರಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2024ರ ಜುಲೈ 30ರಂದು ತೀರ್ಪಿತ್ತಿದೆ. ಅನಂತರ ಅಖಿಲ ಭಾರತ ವಕೀಲರ ಪರೀಕ್ಷೆ: ನೂರು ಪ್ರಶ್ನೆಗಳು, ತಪ್ಪಿಗೆ ಕಡಿತವಿಲ್ಲ, ಟಿಪ್ಪಣಿಗಳಿಲ್ಲದ ಮೂಲ ಅಧಿನಿಯಮದ ಪುಸ್ತಕಗಳನ್ನು ಒಯ್ಯಬಹುದು, ಕನ್ನಡದಲ್ಲಿಯೂ ಬರೆಯಬಹುದು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯೂ ಅದರ ಜೊತೆಯ ಎರಡು ಅಧಿನಿಯಮಗಳೂ ಜಾರಿಗೆ ಬಂದಿರುವುದರಿಂದ ಹಳೆಯ ಪುಸ್ತಕವನ್ನು ಅಗ್ಗಕ್ಕೆ ಕೊಳ್ಳುವವರು ಎಚ್ಚರದಿಂದಿರಬೇಕು.

ವೃತ್ತಿಯ ಆದಾಯದ ಬಗೆಗೆ ಕರಪತ್ರಗಳು ಹೇಳುವುದು ಸುಳ್ಳಲ್ಲವಾದರೂ ಅರ್ಧಸತ್ಯ. ಅಗ್ರಶ್ರೇಣಿಯ ಕೆಲವೇ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳನ್ನು ಮುಂಬಯಿ, ದೆಹಲಿ, ಬೆಂಗಳೂರುಗಳ ದೊಡ್ಡ ಲಾ ಫರ್ಮುಗಳು ಕ್ಯಾಂಪಸ್ಸಿಗೇ ಬಂದು ವರ್ಷಕ್ಕೆ ಹದಿನೈದು ಇಪ್ಪತ್ತು ಲಕ್ಷದ ಸಂಬಳಕ್ಕೆ ಆಯ್ದುಕೊಳ್ಳುವುದು ನಿಜ. ಜಿಲ್ಲಾ ನ್ಯಾಯಾಲಯದಲ್ಲಿ ಹೊಸದಾಗಿ ಕೋಟು ತೊಟ್ಟವರ ಸ್ಥಿತಿ ಬೇರೆ. ಬೆಳಗ್ಗೆ ಸೀನಿಯರ್ ಕಚೇರಿಗೆ ಬಂದು ಅಂದಿನ ಮುದ್ದತ್ತುಗಳನ್ನು ಡೈರಿಯಲ್ಲಿ ನೋಡಿ ಕಟ್ಟುಗಳನ್ನು ತೆಗೆದಿಡುವುದು, ಕೂಗಿದಾಗ ಎದ್ದು ನಿಂತು ಕಾಲಾವಕಾಶ ಬೇಡುವುದು, ನಕಲು ಅರ್ಜಿ ಹಾಕುವುದು, ವಕಾಲತ್ತಿಗೆ ಸ್ಟಾಂಪು ಅಂಟಿಸುವುದು, ಸಂಜೆ ಕಕ್ಷಿದಾರರ ಗೋಳನ್ನು ಕೇಳಿ ದಾವೆಯ ಕರಡನ್ನು ಮೂರು ಸಲ ತಿದ್ದಿಸಿಕೊಳ್ಳುವುದು. ಇದು ವಿದ್ಯೆಯೇ, ಪಾಟೀ ಸವಾಲು ಮಾಡುವ ಕಲೆ ಬೇರಾವ ಶಾಲೆಯಲ್ಲಿಯೂ ದೊರೆಯಲಾರದು. ಆದರೆ ಈ ದುಡಿಮೆಗೆ ದೊರೆಯುವ ಹಣ ಅನೇಕ ಕಚೇರಿಗಳಲ್ಲಿ ಬಸ್ಸಿಗೂ ಊಟಕ್ಕೂ ಸಾಲದು. ನಗರಗಳಲ್ಲಿ ತಿಂಗಳಿಗೆ 20,000, ಗ್ರಾಮಾಂತರದಲ್ಲಿ 15,000 ರೂಪಾಯಿ ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರಲ್ಲಿ ಶಿಫಾರಸು ಮಾಡಿತು. ಅದು ಕಡ್ಡಾಯವಲ್ಲವಾದುದರಿಂದ ಪಾಲನೆ ವಿರಳ. ಪರಿಶಿಷ್ಟ ಮತ್ತು ಹಿಂದುಳಿದ ವರ್ಗಗಳ ಹೊಸ ವಕೀಲರಿಗೆ ರಾಜ್ಯ ಸರಕಾರದ ಶಿಷ್ಯವೇತನವುಂಟು. ಜಿಲ್ಲೆಯ ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಕಚೇರಿಗಳಲ್ಲಿ ವಿಚಾರಿಸತಕ್ಕುದು. ನಾನು ಕಂಡಂತೆ ಪ್ರತಿಭಾವಂತರು ವೃತ್ತಿಯನ್ನು ಬಿಟ್ಟು ಹೋಗುವುದು ಪ್ರವೇಶ ಪರೀಕ್ಷೆಯಲ್ಲಿ ಸೋತಲ್ಲ. ಈ ಮೊದಲ ಎರಡು ಮೂರು ವರ್ಷಗಳಲ್ಲಿ ಕೈ ಬರಿದಾಗಿ, ಬಹುಪಾಲು ಹೆಣ್ಣುಮಕ್ಕಳು, ಬಹುಪಾಲು ಹಳ್ಳಿಯವರು.

ಆ ಮೂರು ವರ್ಷಗಳ ಬೆಲೆ ಈಗ ಮತ್ತಷ್ಟು ಏರಿದೆ. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಅರ್ಜಿ ಹಾಕಲು ಮೂರು ವರ್ಷದ ವಕೀಲಿ ಅಗತ್ಯವೆಂದು 2025ರ ಮೇ 20ರಂದು ಸರ್ವೋಚ್ಚ ನ್ಯಾಯಾಲಯವು ವಿಧಿಸಿತು. ಆ ಹುದ್ದೆಯ ಆರಂಭದ ಮೂಲವೇತನ 77,840 ರೂಪಾಯಿ. ನಮ್ಮ ರಾಜ್ಯದಲ್ಲಿ ಅದರ ಮುಖ್ಯ ಪರೀಕ್ಷೆಯಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೂ ಕನ್ನಡದಿಂದ ಇಂಗ್ಲಿಷಿಗೂ ಭಾಷಾಂತರ ಮಾಡುವ ಪ್ರತ್ಯೇಕ ಪತ್ರಿಕೆಯೇ ಇದೆ. ಕನ್ನಡ ಶಾಲೆಯಲ್ಲಿ ಓದಿ, ದಿನವೂ ಸಂಪಾದಕೀಯದ ಸಾರವನ್ನು ಕನ್ನಡದಲ್ಲಿ ಬರೆದ ಹುಡುಗಿಗೆ ಅಲ್ಲಿ ಯಾರ ಮುಂದೆಯೂ ತಲೆತಗ್ಗಿಸುವ ಪ್ರಸಂಗವಿಲ್ಲ. ಸಹಾಯಕ ಸರಕಾರಿ ಅಭಿಯೋಜಕರ ಹುದ್ದೆ, ಬ್ಯಾಂಕುಗಳ ಕಾನೂನು ಅಧಿಕಾರಿ, ಸೇನೆಯ ಜಡ್ಜ್ ಅಡ್ವೊಕೇಟ್ ಜನರಲ್ ವಿಭಾಗ, ಕಾನೂನು ಸೇವಾ ಪ್ರಾಧಿಕಾರದ ವಕೀಲರ ಪಟ್ಟಿ ಇವೂ ಉಂಟು.

ಈ ಕಾರಣದಿಂದಲೇ ಆ ತಂದೆಯವರಿಗೆ ಕೊನೆಗೆ ಒಂದು ಲೆಕ್ಕ ತೋರಿಸಿದೆ. ಒಂದೂವರೆ ಲಕ್ಷವನ್ನು ಇಪ್ಪತ್ತನಾಲ್ಕು ತಿಂಗಳಿಗೆ ಹಂಚಿದರೆ ತಿಂಗಳಿಗೆ 6,250 ರೂಪಾಯಿ. ಹೊಸದಾಗಿ ಕೋಟು ತೊಟ್ಟವಳಿಗೆ ಜಿಲ್ಲಾ ಕೇಂದ್ರದಲ್ಲಿ ಜೊತೆಗಾರ್ತಿಯೊಡನೆ ಹಂಚಿಕೊಂಡ ಒಂದು ಕೋಣೆಯ ಬಾಡಿಗೆ, ಬಸ್ಸಿನ ಪಾಸು, ತಿಂಗಳಿಗೊಂದು ಪುಸ್ತಕ ಅಷ್ಟರಲ್ಲಿ ಸಾಗುತ್ತವೆ. "ಗೌಡರೇ, ಈ ದುಡ್ಡು ನಿಮ್ಮ ಮಗಳ ಮೊದಲನೇ ಎರಡು ವರ್ಷದ ವಕೀಲಿಗೆ ಅಂತ ಬ್ಯಾಂಕಿನಲ್ಲಿ ಇಡಿ. ಈಗ ಐದಾರು ಸಾವಿರದ ಮಾದರಿ ಪರೀಕ್ಷೆ, ದಿನಾ ಒಂದು ಪೇಪರು ಸಾಕು" ಎಂದೆ. ಅವರು ಕರಪತ್ರವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡರು. ಹುಡುಗಿ ಹಳೆಯ ಪ್ರಶ್ನಪತ್ರಿಕೆಯನ್ನು ಕೇಳಿ ತೆಗೆದುಕೊಂಡು ಹೋದಳು.

ಪಿ.ಯು. ಓದುತ್ತಿರುವ ಮಕ್ಕಳುಳ್ಳ ತಂದೆತಾಯಿಗಳಲ್ಲಿ ನನ್ನ ಬಿನ್ನಹವಿಷ್ಟೆ: ಎಲ್ಲಿಯಾದರೂ ಮುಂಗಡ ಕಟ್ಟುವ ಮೊದಲು, ಹಿಂದಿನ ವರ್ಷದ ಕ್ಲ್ಯಾಟ್ ಪ್ರಶ್ನಪತ್ರಿಕೆಯೊಂದನ್ನು ಅಚ್ಚು ಹಾಕಿಸಿ ತಂದು, ಭಾನುವಾರದ ಎರಡು ಗಂಟೆ ಮಗುವನ್ನು ಅಡ್ಡಿಯಿಲ್ಲದ ಒಂದು ಕೋಣೆಯಲ್ಲಿ ಕುಳ್ಳಿರಿಸಿ ಬರೆಯಿಸಿರಿ, ಎಷ್ಟು ಪ್ರಶ್ನೆ ತಪ್ಪಾದುವು, ಎಷ್ಟು ಖಾಲಿ ಉಳಿದುವು ಎಂಬುದನ್ನು ಬೇರೆಬೇರೆಯಾಗಿ ಎಣಿಸಿರಿ, ಆಮೇಲೆ ನಿರ್ಧರಿಸಿರಿ.